ಗಾಂಜಾ ‘ಬರೀ ಸೊಪ್ಪು’ ಅನ್ನೋರಿಗೆ

ಗಾಂಜಾ ಹದಿಹರೆಯದವರ ಮಿದುಳಿಗೆ ಏನು ಮಾಡುತ್ತೆ ಅನ್ನೋ ಲೇಖನ ಚೆನ್ನಾಗಿದೆ. ಆದ್ರೆ ಅದರ ಕೆಳಗೆ ಕಾಮೆಂಟಲ್ಲಿ ಒಬ್ಬರು ‘ಸಾಧುಗಳು ಸೇದಲ್ವಾ, ಗಾಂಜಾ ಬರೀ ಸೊಪ್ಪು, ಸಿಗರೇಟಿಗಿಂತ ವಾಸಿ’ ಅಂತ ಬರೆದಿದ್ದಾರೆ. ಸ್ವಾಮಿ, ಸಾಧು ವಯಸ್ಸೆಷ್ಟು, ಪಿಯು ಹುಡುಗನ ವಯಸ್ಸೆಷ್ಟು? ಮುಂದಾಲೋಚನೆ, ಮನಸ್ಸಿನ ಹಿಡಿತ ನೋಡ್ಕೊಳ್ಳೋ ಮಿದುಳಿನ ಮುಂಭಾಗ ಪೂರ್ತಿ ಬಲಿಯೋದೇ 25ರ ಆಸುಪಾಸಿಗೆ. ಅಲ್ಲೀತನಕ ನರಕೋಶಗಳ ನಂಟನ್ನ ಹದ ಮಾಡೋಕೆ ದೇಹದ್ದೇ ಒಂದು ರಾಸಾಯನಿಕ ವ್ಯವಸ್ಥೆ ಇದೆ. ಗಾಂಜಾದಲ್ಲಿ ನಶೆ ಏರಿಸೋ ಅಂಶವಾದ ಟಿಎಚ್‌ಸಿ ಹೋಗಿ ಕೂರೋದು ಅದೇ ಜಾಗದಲ್ಲಿ.

ನಾನು ಮಂಡ್ಯದಲ್ಲಿ ಲೆಕ್ಕದ ಮೇಷ್ಟ್ರು. ಚುರುಕಾಗಿದ್ದ ಹುಡುಗ ಒಬ್ಬ, ಬೋರ್ಡ್ ಮೇಲೆ ಮೂರನೇ ಸಾಲಿಗೆ ಬರೋ ಹೊತ್ತಿಗೆ ಮೊದಲನೇ ಸಾಲಲ್ಲಿ ಏನಿತ್ತು ಅನ್ನೋದೇ ಮರೆತು, ಚಾಕ್‌ಪೀಸ್ ಹಿಡ್ಕೊಂಡು ನಗ್ತಾ ನಿಂತುಬಿಡೋನು. ಮನೆಯವರು ಪ್ರೀತಿ-ಗೀತಿ ಅಂದ್ಕೊಂಡಿದ್ರು! ಗಾಂಜಾ ಚಟ ಬಿಡಿಸಿದ ಮೇಲೆ ಸುಮಾರಾಗಿ ಸುಧಾರಿಸಿದ.

ಲೇಖನದಲ್ಲಿ ಹೇಳಿರೋ ನ್ಯೂಜಿಲೆಂಡಿನ ಡನಿಡಿನ್ ಅಧ್ಯಯನದಲ್ಲಿ (2012) ಹದಿಹರೆಯದಲ್ಲೇ ಶುರು ಮಾಡಿ ವರ್ಷಗಟ್ಟಲೆ ಬಿಡದೆ ಸೇದಿದವರ ಐಕ್ಯೂ (ಬುದ್ಧಿಮಟ್ಟದ ಅಳತೆ) ಸರಾಸರಿ 8 ಅಂಕದಷ್ಟು ಇಳಿದಿತ್ತು. ಲೇಖಕರು ಇಷ್ಟಕ್ಕೇ ನಿಲ್ಲಿಸಿದ್ದು ಸರಿಯಲ್ಲ, ಅವಳಿಗಳ ಮೇಲೆ ನಡೆದ ಆಮೇಲಿನ ಅಧ್ಯಯನಗಳು ಇದನ್ನ ಪ್ರಶ್ನಿಸಿವೆ. ನನಗೆ ಐಕ್ಯೂಗಿಂತ ಹೆಚ್ಚು ಭಯ, ಇಲ್ಲದ್ದು ಕಂಡು ಕೇಳಿಸಿ ವಾಸ್ತವದ ಅರಿವೇ ತಪ್ಪೋ ಸೈಕೋಸಿಸ್‌ದು. ಚಿಕ್ಕ ವಯಸ್ಸು, ದಿನಾ ಸೇದೋದು, ಟಿಎಚ್‌ಸಿ ಜಾಸ್ತಿ ಇರೋ ಮಾಲು, ಮೇಲೆ ಮನೆತನದಲ್ಲಿ ಯಾರಿಗಾದ್ರೂ ಸ್ಕಿಜೋಫ್ರೇನಿಯಾ (ತೀವ್ರ ಮನೋರೋಗ) ಇದ್ರಂತೂ ಮುಗೀತು, ಅಪಾಯ ಏರ್ತಾನೇ ಹೋಗುತ್ತೆ.

ಮಗನಿಗೆ ಬಾರಿಸೋಕೆ ಮುಂಚೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.