ಕೀಂಯ್ ಅಂದಿದ್ದು ಯಾರು?

ಓಡುವ ಗಾಡಿ ಸದ್ದು ಮಾಡಿದರೆ ಗ್ಯಾರೇಜಿಗೆ ಬಿಡಬಹುದು. ನಿಂತಲ್ಲೇ ನಿಂತು, ಅದೂ ರಾತ್ರಿ ಹೊತ್ತು ಚಕ್ರದ ಹತ್ತಿರ ಕಿರುಗುಟ್ಟುವ ಗಾಡಿಯನ್ನು ಯಾರಿಗೆ ತೋರಿಸೋದು?

ಸುಂಟಿಕೊಪ್ಪದ ಹತ್ತಿರ ನಮ್ಮ ಭಾವನ ಕಾಫಿ ತೋಟ. ಕೊಡಗಿನಲ್ಲಿ ಹೋಂಸ್ಟೇ ಎಲ್ಲರೂ ಮಾಡ್ತಾರೆ, ನಾವು ಬೇರೆ ಏನಾದ್ರೂ ಮಾಡೋಣ ಅಂತ ಭಾವ ಬೆಂಗಳೂರಿನಿಂದ ಒಂದು ಹಳೇ ಕ್ಯಾರವಾನ್ ತಂದು ಕಾಫಿ ಕಣದ ಪಕ್ಕ ನಿಲ್ಲಿಸಿದರು. ಜೀಪಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಒಳಗೆ ಮಂಚ, ಪುಟ್ಟ ಅಡುಗೆಮನೆ, ಬಚ್ಚಲು ಎಲ್ಲ ಇದೆ. ಕಕ್ಕಡ ತಿಂಗಳ ಮಳೆಯಲ್ಲಿ ಪೂರ್ತಿ ನೆನೆದ ಮೇಲೆ ಅದಕ್ಕೆ ದನಿಯೂ ಬಂತು.

ಮಗ್ಗುಲು ಬದಲಿಸಿದರೆ ಕೀಂಯ್. ನೀರು ಕುಡಿಯಲು ಎದ್ದರೆ ಕೀಂಯ್ ಕೀಂಯ್. ಹನಿಮೂನಿಗೆ ಬಂದ ಜೋಡಿಯೊಂದು ಬೆಳಿಗ್ಗೆ ಯಾರ ಮುಖವನ್ನೂ ನೋಡದೆ ಕಡುಬು ತಿಂದು ಎದ್ದುಹೋಯಿತು. ಹಕ್ಕಿ ನೋಡುವ ಹುಚ್ಚಿನ ಅತಿಥಿಯೊಬ್ಬರು ನಸುಕಿನಲ್ಲೇ ಹೊರಗೆ ಬಂದು, ಆ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಇದು ಯಾವ ಹಕ್ಕಿ ಅಂತ ಭಾವನನ್ನು ಕೇಳಿದರು. ಒಳಗೆ ಅವರ ಹೆಂಡತಿ ಸೂಟ್‌ಕೇಸ್ ತುಂಬುತ್ತಿದ್ದರು.

ಭಾವ ಟಾರ್ಚ್ ಹಿಡಿದು ಅಡಿಗೆ ಬಗ್ಗಿದರೆ ಸದ್ದೇ ಇಲ್ಲ, ಬರೀ ಜೀರುಂಡೆ. ಹೋಗಿ ಮಲಗಿದರೆ ಮತ್ತೆ ಕೀಂಯ್. ಬ್ರೇಕ್ ಡ್ರಮ್ಮಿಗೆ ತುಕ್ಕು ಹಿಡಿದಿದೆ ಅಂತ ಭಾವ. ಹೆಗ್ಗಣ ಸೇರಿದೆ ಅಂತ ತೋಟದ ರೈಟರ್. "ಒಳಗೆ ಯಾರೂ ಇಲ್ದೇ ಇದ್ರೆ ಅದೇನು ಸುಮ್ನೆ ಕೂಗುತ್ತಾ?" ಅಂದಳು ಅಕ್ಕ. ಇಡೀ ಪ್ರಕರಣದಲ್ಲಿ ತಲೆ ಓಡಿಸಿದ್ದು ಅವಳೊಬ್ಬಳೇ.

ಹಾಗಾಗಿ ಗಂಡ ಹೆಂಡತಿ ಒಳಗೆ ಅತ್ತಿಂದಿತ್ತ ನಡೆಯೋದು, ನಾನು ಗೋಣಿಚೀಲ ಹಾಸಿಕೊಂಡು ಅಡಿಯಲ್ಲಿ ಮಲಗೋದು ಅಂತಾಯಿತು. ಈ ಏರ್ಪಾಡು ಜಿಗಣೆಗಳಿಗೆ ತುಂಬ ಹಿಡಿಸಿತು.

"ಭಾವ, ನೀವು ಬಲಗಡೆ ಹೋಗಿ!"

"ಬಲಗಡೆ ಫ್ರಿಜ್ ಇದೆ ಮಾರಾಯ!"

ಕಿವಿಯನ್ನು ನಂಬಬಾರದು ಅಂತ ಅಲ್ಲೇ ಗೊತ್ತಾಯಿತು. ಕಬ್ಬಿಣದ ಚಾಸಿಯಲ್ಲಿ ಒಂದು ಕಡೆ ಹುಟ್ಟಿದ ಸದ್ದು ಎಲ್ಲ ಕಡೆಯೂ ಕೇಳುತ್ತದೆ. ಕೈ ಇಟ್ಟು ನೋಡಬೇಕು. ಲಾರಿಗೆ ಇರುವಂಥದೇ ಪಟ್ಟಿ ಸ್ಪ್ರಿಂಗ್ ಇದಕ್ಕೂ. ಮೇಲೆ ತೂಕ ಅಲ್ಲಾಡಿದಾಗ ಪಟ್ಟಿಗಳು ಒಂದರ ಮೇಲೊಂದು ಚೂರು ಜಾರುತ್ತವೆ, ತುದಿಯ ಶ್ಯಾಕಲ್, ಅಂದರೆ ಸ್ಪ್ರಿಂಗನ್ನು ಚಾಸಿಗೆ ಸೇರಿಸುವ ಕೊಂಡಿ, ತಿರುಗುತ್ತದೆ. ಆ ಶ್ಯಾಕಲ್ ಬೋಲ್ಟಿನ ಸುತ್ತ ಕುಂಕುಮದಂತೆ ತುಕ್ಕಿನ ಪುಡಿ. ಅಕ್ಕ ಹೆಜ್ಜೆ ಇಟ್ಟಾಗೆಲ್ಲ ಅಲ್ಲಿ ಬೆರಳಿಗೆ ಜುಂ ಅನ್ನುತ್ತಿತ್ತು. ಭಾವ ನಡೆದರೆ ಇನ್ನೊಂದು ಸದ್ದು, ಚಕ್ರ ಉರುಳದಂತೆ ಕೊಟ್ಟಿದ್ದ ಸಿಲ್ವರ್ ಓಕ್ ಮರದ ತುಂಡಿನಿಂದ. ಟೈರು ಉಜ್ಜಿ ಉಜ್ಜಿ ಮರ ಕಪ್ಪಗೆ ಮಿರಿ ಮಿರಿ ಮಿಂಚುತ್ತಿತ್ತು.

ಗಾಡಿ ಇಷ್ಟು ಅಲ್ಲಾಡೋದಾದರೂ ಯಾಕೆ? ನಾಲ್ಕು ಮೂಲೆಗೂ ಊರುಗಾಲಿನ ಥರ ಜಾಕ್ ಇವೆ. ಅವು ತೂಕ ಹೊರುವುದಕ್ಕಲ್ಲ, ಗಾಡಿ ಅಲುಗದಂತೆ ಹಿಡಿಯೋಕೆ. ಒಂದು ಜಾಕ್ ಮಳೆಗೆ ನೆಂದ ಮಣ್ಣಿನಲ್ಲಿ ಇಳಿದುಹೋಗಿ, ಆ ಮೂಲೆಗೆ ಆಧಾರವೇ ಇರಲಿಲ್ಲ. ಅದರ ಅಡಿಗೆ ಹಲಗೆ ಕೊಟ್ಟೆವು. ಶ್ಯಾಕಲ್ಲಿಗೆ ಗ್ರೀಸ್ ತುಂಬುವ ಪುಟ್ಟ ಮೂತಿ, ಗ್ರೀಸ್ ನಿಪ್ಪಲ್, ಮಣ್ಣು ಮೆತ್ತಿಕೊಂಡಿತ್ತು. ಅದನ್ನು ಒರೆಸಿ, ಹಳೇ ಗ್ರೀಸ್ ಹೊರಗೆ ಬರುವ ತನಕ ಹೊಸದು ತುಂಬಿದೆವು. ಬ್ರೇಕಿನ ಹತ್ತಿರ ಗ್ರೀಸ್ ಸುಳಿಯಬಾರದು. ಟೈರಿಗೂ ಎಣ್ಣೆ ಆಗದು, ರಬ್ಬರ್ ಹಾಳು. ಅಲ್ಲಿ ಮರಕ್ಕೂ ಟೈರಿಗೂ ನಡುವೆ ಗೋಣಿ ಮಡಚಿ ಇಟ್ಟೆವು. ಸದ್ದು ನಿಂತಿತು.

ಗ್ರೀಸ್ ಗನ್ ಮಾತ್ರ ಭಾವನ ಕೈಯಿಂದ ಇಳಿಯಲಿಲ್ಲ. ಉಯ್ಯಾಲೆ, ಬಾವಿಯ ರಾಟೆ, ಗೋಡೌನ್ ಬಾಗಿಲು, ಕೊನೆಗೆ ತೋಟದ ದೊಡ್ಡ ಗೇಟು. ಮರುದಿನ ಅಡುಗೆಮನೆಯಲ್ಲಿ ಅಕ್ಕ ತಿರುಗಿ ನೋಡಿದರೆ ಹಿಂದೆ ಬ್ಯಾಗ್ ಹಿಡಿದ ಅತಿಥಿಗಳು ನಿಂತಿದ್ದಾರೆ! ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

"ಆ ಗೇಟು ಕಿರ್ ಅಂದ್ರೇನೇ ಯಾರೋ ಬಂದ್ರು ಅಂತ ಗೊತ್ತಾಗ್ತಿದ್ದಿದ್ದು. ಈಗ ಹೋಗಿ ಒಂದು ಕಾಲಿಂಗ್ ಬೆಲ್ ತನ್ನಿ" ಅಂದಳು.

ಭಾವ ಜೀಪ್ ಹತ್ತಿ ಸುಂಟಿಕೊಪ್ಪಕ್ಕೆ ಹೊರಟರು. ಗೇಟು ತೆಗೆದದ್ದು, ಹಾಕಿದ್ದು ಒಳಗೆ ಯಾರಿಗೂ ಕೇಳಿಸಲಿಲ್ಲ.