ದುಡ್ಡು ಮುಗಿದರೆ ತಾನೇ ಕಡಿಯುವ ಮೀಟರು

ಬೆಸ್ಕಾಂ ಬಿಲ್ ಬಾಕಿ ಬಿದ್ದರೆ ಫ್ಯೂಸ್ ಕೀಳಲು ಲೈನ್‌ಮನ್ ಬಾಗಿಲಿಗೆ ಬರಬೇಕು. ಅದಕ್ಕೂ ಮುಂಚೆ 15 ದಿನದ ಲಿಖಿತ ನೋಟಿಸು ಕೊಡಬೇಕೆಂದು 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಹೇಳುತ್ತದೆ. ಇಂಗ್ಲೆಂಡಿನ ಕೀ ಮೀಟರಿಗೆ, ಅಂದರೆ ಅಂಗಡಿಯಲ್ಲಿ ಕೀಗೆ ಮುಂಗಡ ದುಡ್ಡು ತುಂಬಿಸಿ ತಂದು ಸಿಕ್ಕಿಸುವ ಮೀಟರಿಗೆ, ಲೈನ್‌ಮನ್ನೂ ಬೇಡ, ನೋಟಿಸೂ ಬೇಡ. ತುಂಬಿಸಿದ ದುಡ್ಡು ಖಾಲಿಯಾದರೆ ತಾನೇ ಕಡಿಯುತ್ತದೆ. ಕಡಿದದ್ದು ಕಂಪನಿಯಲ್ಲ, ದುಡ್ಡು ಹಾಕದ ನೀವು ಎಂದು ಲೆಕ್ಕ. ಇಲ್ಲಿ ಯೂನಿಟ್ಟಿನ ದರಕ್ಕಿಂತ ಹೆಚ್ಚು ಹೆದರಬೇಕಾದ್ದು ಇದಕ್ಕೆ ಎಂಬುದು ನನ್ನ ಅಭಿಪ್ರಾಯ.

ದರವೇನೂ ಕಡಿಮೆಯಲ್ಲ ಬಿಡಿ. 2025ರಲ್ಲಿ ಯೂನಿಟ್ಟಿಗೆ ಸುಮಾರು 25ರಿಂದ 27 ಪೆನ್ಸ್, ಅದರ ಮೇಲೆ ದಿನಕ್ಕೆ 50 ಪೆನ್ಸ್ ದಾಟುವ ಸ್ಟ್ಯಾಂಡಿಂಗ್ ಚಾರ್ಜ್. ಊರಿನಲ್ಲಿ ಮಂಜೂರಾದ ಕಿಲೋವ್ಯಾಟ್ ಲೆಕ್ಕದಲ್ಲಿ ತಿಂಗಳಿಗೊಮ್ಮೆ ಬರುವ ನಿಗದಿತ ಶುಲ್ಕದ ಜಾತಿಯದೇ ಇದು. ಆದರೆ ಅದು ಬಿಲ್ಲಿನ ಒಂದು ಸಾಲು, ಇದು ದಿನದಿನವೂ ಮೀಟರಿನೊಳಗಿಂದಲೇ ಕಳಚಿಕೊಳ್ಳುವ ದುಡ್ಡು. ಮನೆಗೆ ಬೀಗ ಹಾಕಿ ತಿಂಗಳು ಊರಿಗೆ ಹೋಗಿ ಬಂದರೂ 15–16 ಪೌಂಡ್ ಹೋಗಿರುತ್ತದೆ. ಗ್ಯಾಸ್ ಮೀಟರಿನದು ಇನ್ನೂ ಕಪಟ. ಬೇಸಿಗೆಯಲ್ಲಿ ಬಾಯ್ಲರ್ ಉರಿಸುವುದಿಲ್ಲವೆಂದು ಕಾರ್ಡು ತುಂಬಿಸದೆ ಬಿಟ್ಟವರಿಗೆ ನಾಲ್ಕು ತಿಂಗಳಲ್ಲಿ 35 ಪೌಂಡಿನಷ್ಟು ಬಾಕಿ ಬೆಳೆದಿರುತ್ತದೆ. ಅಕ್ಟೋಬರಿನ ಮೊದಲ ಚಳಿಗೆ 40 ಹಾಕಿದರೆ ಉಳಿಯುವುದು 5. ಆದ್ದರಿಂದ ಬೇಸಿಗೆಯಲ್ಲೂ ವಾರಕ್ಕಿಷ್ಟು ಎಂದು ತುಂಬಿಸುತ್ತಿರಬೇಕು. ಚಳಿಗಾಲಕ್ಕೆ ಗಂಟೂ ಆಗುತ್ತದೆ.

ಎಮರ್ಜೆನ್ಸಿ ಕ್ರೆಡಿಟ್ ಬಗ್ಗೆ ಹೊಸಬರಿಗೆ ತಪ್ಪು ತಿಳಿವಳಿಕೆ ಜಾಸ್ತಿ. ಬ್ಯಾಲೆನ್ಸ್ ತೀರಾ ಇಳಿದಾಗ ಕೀ ಸಿಕ್ಕಿಸಿದರೆ ಸಿಗುವ 5–10 ಪೌಂಡು ಸಾಲ, ದಾನವಲ್ಲ. ಆ ಸಾಲದಲ್ಲಿ ಮನೆ ನಡೆಯುವಾಗ ಹಲವು ಮೀಟರುಗಳು ಸ್ಟ್ಯಾಂಡಿಂಗ್ ಚಾರ್ಜನ್ನೂ ಹಳೆ ಬಾಕಿಯ ವಾರದ ಕಂತನ್ನೂ ಪಕ್ಕಕ್ಕೆ ಬರೆದಿಟ್ಟುಕೊಳ್ಳುತ್ತವೆ. ಐದು ದಿನ ಹಾಗೆ ನಡೆಸಿದಿರಿ ಎನ್ನಿ: ಬಳಸಿದ ಸಾಲ 10, ಐದು ದಿನದ ಚಾರ್ಜ್ ಎರಡೂಮುಕ್ಕಾಲು, ಕಂತು 5. ಅಂಗಡಿಯಲ್ಲಿ 20 ಪೌಂಡ್ ತುಂಬಿಸಿ ಬಂದರೆ ಪರದೆಯ ಮೇಲೆ ಎರಡೂಕಾಲು. ಮೀಟರು ಕೆಟ್ಟಿಲ್ಲ. ಗುಂಡಿ ಒತ್ತುತ್ತ ಹೋದರೆ ಒಟ್ಟು ಬಾಕಿ ಎಷ್ಟು, ವಾರದ ಕಂತು ಎಷ್ಟು ಎಂದು ಒಂದೊಂದಾಗಿ ತೋರಿಸುತ್ತದೆ. ಕಂತು ಭಾರವಾಗಿದ್ದರೆ ಕಂಪನಿಗೆ ಫೋನ್ ಮಾಡಿ ಇಳಿಸಲು ಕೇಳಬೇಕು. ತೀರಿಸುವ ಶಕ್ತಿ ನೋಡಿ ಕಂತು ಕಟ್ಟುವುದು ಅವರಿಗೆ ನಿಯಮ. ತೀರಾ ಕೈ ಖಾಲಿಯಾದವರಿಗೆ ಅಡಿಷನಲ್ ಸಪೋರ್ಟ್ ಕ್ರೆಡಿಟ್ ಎಂಬುದೂ ಇದೆ, ಆ ಹೆಸರು ಹಿಡಿದೇ ಕೇಳಿ. ಅದೂ ಆಮೇಲೆ ತೀರಿಸಬೇಕಾದ್ದೇ.

ಉಳಿತಾಯದ ಮಾತಿಗೆ ಬಂದರೆ, ನಮ್ಮವರು ಗ್ರೈಂಡರಿನ ಮೇಲೆ ಅನುಮಾನ ಪಡುವುದು ವ್ಯರ್ಥ. 150 ವ್ಯಾಟಿನ ಗ್ರೈಂಡರ್ 40 ನಿಮಿಷ ತಿರುಗಿದರೆ ಯೂನಿಟ್ಟಿನ ಹತ್ತನೇ ಒಂದು ಭಾಗ, ಮೂರು ಪೆನ್ಸೂ ಇಲ್ಲ. ದುಡ್ಡು ತಿನ್ನುವುದು ಬಿಸಿ ಮಾಡುವ ಸಾಮಾನು. 9 ಕಿಲೋವ್ಯಾಟಿನ ಎಲೆಕ್ಟ್ರಿಕ್ ಶವರ್ ಕೆಳಗೆ ಹತ್ತು ನಿಮಿಷ ನಿಂತರೆ ಒಂದೂವರೆ ಯೂನಿಟ್, ಸುಮಾರು 40 ಪೆನ್ಸ್. ನಾಲ್ವರಿರುವ ಮನೆಗೆ ದಿನಕ್ಕೆ ಒಂದೂವರೆ ಪೌಂಡಿಗೂ ಮೇಲೆ. ಅದೇ ಶವರಿನಿಂದ 15 ಲೀಟರಿನ ಬಕೆಟ್ ತುಂಬಿಸಿಕೊಂಡರೆ ಚಳಿಗಾಲದಲ್ಲಿ ಮೂರೂವರೆ ನಿಮಿಷ, ಖರ್ಚು 14 ಪೆನ್ಸ್. ಇಲ್ಲಿನ ಬಚ್ಚಲ ನೆಲದಲ್ಲಿ ನೀರು ಹೋಗುವ ತೂತಿರುವುದಿಲ್ಲ, ಸ್ನಾನವೆಲ್ಲ ಟಬ್ಬಿನೊಳಗೇ ಆಗಬೇಕು, ಅಷ್ಟೇ. ಚೊಂಬಿನ ಸ್ನಾನಕ್ಕೆ ನಾಚಿಕೊಳ್ಳುವ ಕಾರಣ ನನಗಂತೂ ಕಾಣದು.

ಗ್ಯಾಸಿಲ್ಲದ ಫ್ಲಾಟುಗಳಲ್ಲಿ ನೀರಿನ ಟ್ಯಾಂಕಿಗೆ 3 ಕಿಲೋವ್ಯಾಟಿನ ಇಮ್ಮರ್ಶನ್ ಹೀಟರ್ ಇರುತ್ತದೆ. 120 ಲೀಟರಿನ ಟ್ಯಾಂಕು ತಣ್ಣಗಿನಿಂದ 60 ಡಿಗ್ರಿಗೆ ಏರಲು ಏಳು ಯೂನಿಟ್ ಬೇಕು. ಎಕಾನಮಿ 7 ದರವಿದ್ದರೆ ರಾತ್ರಿಯ ಏಳು ಗಂಟೆ ಅಗ್ಗ, ಹಗಲು ದುಬಾರಿ. ಕೆಳಗಿನ ಕಾಯಿಲ್ ರಾತ್ರಿ ಓಡಲಿ, ಹಗಲಲ್ಲಿ ಬೇಕೆಂದಾಗ ಬಿಸಿ ಮಾಡುವ ಮೇಲಿನ ಬೂಸ್ಟ್ ಸ್ವಿಚ್ಚು ಆಫ್ ಇರಲಿ; ಮರೆತು ಆನ್ ಬಿಟ್ಟ ಬೂಸ್ಟ್ ಒಂದೇ ಸಾಕು ವಾರದ ಲೆಕ್ಕ ಕೆಡಿಸಲು. ಬೇಸಿಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ; ಎಷ್ಟೋ ಮೀಟರಿನ ಗಡಿಯಾರ ಹಾಗೆ ಬದಲಾಗುವುದಿಲ್ಲ, ಆಗ ಅಗ್ಗದ ಹೊತ್ತು ಒಂದು ಗಂಟೆ ತಡವಾಗಿ ಶುರುವಾಗುತ್ತದೆ. ಉಳಿಸಲೆಂದು ಟ್ಯಾಂಕಿನ ಥರ್ಮೋಸ್ಟ್ಯಾಟನ್ನು 60ಕ್ಕಿಂತ ಇಳಿಸಬೇಡಿ, ಬೆಚ್ಚಗಿನ ನಿಂತ ನೀರಿನಲ್ಲಿ ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಊರಿನಲ್ಲಿ ಗೃಹಜ್ಯೋತಿ 2023ರಿಂದ ಇದೆ: ಸಾಮಾನ್ಯವಾಗಿ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಉಚಿತ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಇಲ್ಲಿ ಅದೇ ವರ್ಷದವರೆಗೂ ಮುಂಗಡ ಕೊಡುವ ಬಡವನೇ ತಿಂಗಳ ಕೊನೆಗೆ ಬ್ಯಾಂಕಿನಿಂದ ಕಟ್ಟುವವನಿಗಿಂತ ಹೆಚ್ಚು ತೆರುತ್ತಿದ್ದ. ನಾಚಿಕೆಗೇಡು. ಬಾಕಿದಾರರ ಮನೆಗೆ ಬಲವಂತವಾಗಿ ಈ ಮೀಟರು ಕೂರಿಸುವುದನ್ನು ಇಲ್ಲಿನ ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ತಾತ್ಕಾಲಿಕವಾಗಿ ತಡೆದದ್ದೂ ಆ ವರ್ಷವೇ. ಹಾಗಿದ್ದೂ ಇಲ್ಲಿಂದ ಕಲಿಯಬೇಕಾದ್ದೊಂದಿದೆ: ರಾತ್ರಿ, ವಾರಾಂತ್ಯ, ರಜಾದಿನಗಳಲ್ಲಿ ಬ್ಯಾಲೆನ್ಸ್ ಸೊನ್ನೆಗಿಳಿದರೂ ಕರೆಂಟು ಕಡಿಯುವಂತಿಲ್ಲ. ಭಾರತದಲ್ಲಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್ ಮಾರುವಾಗ ಠೇವಣಿ ಬೇಡ ಎಂಬುದೇ ದೊಡ್ಡ ಆಮಿಷ. ಅದೇನೂ ಹೊಸ ಉಪಕಾರವಲ್ಲ, 2003ರ ಕಾಯ್ದೆಯ 47ನೇ ಸೆಕ್ಷನ್ನಿನಲ್ಲೇ ಇದೆ. ಠೇವಣಿಗಿಂತ ಮೊದಲು ಕೇಳಬೇಕಾದ್ದು ರಾತ್ರಿ ಕಡಿಯುತ್ತೀರಾ, ತುರ್ತು ಸಾಲ ಎಷ್ಟು, ಹಳೆ ಬಾಕಿಯನ್ನು ರೀಚಾರ್ಜಿನಿಂದ ಎಷ್ಟೆಷ್ಟು ಮುರಿಯುತ್ತೀರಿ ಎಂದು.

ಓದಲು ಬರುವ ಹುಡುಗರಿಗೆ ಇಷ್ಟು: ಬಾಡಿಗೆ ಮನೆಯಲ್ಲಿ ಬಿಟ್ಟುಹೋದ ಹಳೆ ಕೀಗೆ ದುಡ್ಡು ತುಂಬಬೇಡಿ, ಹಿಂದಿನವರ ಬಾಕಿ ನಿಮ್ಮ ದುಡ್ಡಿನಿಂದ ತೀರುತ್ತದೆ. ಮನೆಗೆ ಕಾಲಿಟ್ಟ ದಿನವೇ ಮೀಟರಿನ ಓದು ಮತ್ತು ಬಾಕಿಯ ಪರದೆಯ ಫೋಟೊ ತೆಗೆದು, ಬಾಡಿಗೆ ಕರಾರು ಹಿಡಿದು ಕಂಪನಿಗೆ ಫೋನ್ ಮಾಡಿ, ಬಾಕಿ ಅಳಿಸಿ ಹೊಸ ಕೀ ಕೊಡುತ್ತಾರೆ. ಮನೆಯೊಡೆಯನೇ ಹಾಕಿಸಿದ ಖಾಸಗಿ ಮೀಟರಾದರೆ, ತಾನು ಕೊಂಡ ದರಕ್ಕಿಂತ ಹೆಚ್ಚಿಗೆ ಅವನು ನಿಮಗೆ ಮಾರುವಂತಿಲ್ಲ. ಅವನ ಬಿಲ್ ತೋರಿಸಲು ಕೇಳಿ.