ಮೂನ್‌ಲೈಟ್ ಸೊನಾಟಾ: ಕುರುಡು ಹುಡುಗಿಯ ಕಥೆ ನಿಜವಲ್ಲ

ಕುರುಡು ಹುಡುಗಿಯೊಬ್ಬಳಿಗೆ ಬೆಳದಿಂಗಳು ಹೇಗಿರುತ್ತದೆಂದು ತಿಳಿಸಲು ಜರ್ಮನ್ ಸಂಗೀತ ರಚನಕಾರ ಬೀಥೋವನ್ ಮೂನ್‌ಲೈಟ್ ಸೊನಾಟಾ ಎಂಬ ಮೂರು ಭಾಗಗಳ ಪಿಯಾನೋ ಕೃತಿಯನ್ನು ಬರೆದರು ಎಂಬ ಕಥೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದಕ್ಕೆ ಯಾವ ಆಧಾರವೂ ಇಲ್ಲ. 1801ರಲ್ಲಿ ರಚಿಸಿದ ಈ ಕೃತಿ 1802ರಲ್ಲಿ ಅಚ್ಚಾಯಿತು. ಅರ್ಪಣೆ ಅವರ ಶಿಷ್ಯೆ ಜೂಲಿಯೆಟ್ಟಾ ಗ್ವಿಚಾರ್ಡಿಗೆ. ಬೆಳದಿಂಗಳ ಹೆಸರೂ ಬೀಥೋವನ್ ಇಟ್ಟಿದ್ದಲ್ಲ. ವಿಮರ್ಶಕ ಲುಡ್ವಿಗ್ ರೆಲ್‌ಸ್ಟಾಬ್ ಕೊಟ್ಟ ಹೋಲಿಕೆಯಿಂದ ಅದು ಅಂಟಿಕೊಂಡಿತು.

ಈ ಕಥೆ ನಂಬಿ ಎಷ್ಟೋ ಜನ ಮೊದಲ ಭಾಗಕ್ಕೇ ನಿಲ್ಲಿಸಿಬಿಡುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ. ಅಲ್ಲಿ ಬಲಗೈ ಮೂರು ಮೂರು ಸ್ವರಗಳನ್ನು ಮೆಲ್ಲಗೆ ನುಡಿಸುತ್ತಾ ಹೋಗುತ್ತದೆ, ನಿಜ. ಆದರೆ ಮೂರನೆಯ ಭಾಗದಲ್ಲಿ ಸ್ವರಗಳು ಕೆಳಗಿನಿಂದ ಮೇಲಕ್ಕೆ ನುಗ್ಗಿ, ತುದಿಯಲ್ಲಿ ಎರಡು ಸಲ ಜೋರಾಗಿ ಬಡಿಯುತ್ತವೆ. ಅದು ಬಿರುಗಾಳಿ! ಸುಮಾರು ಹದಿನೈದು ನಿಮಿಷ ಸಾಕು, ಮೂರೂ ಭಾಗ ಒಟ್ಟಿಗೆ ಕೇಳಿ.